ಹುಸೇನಪ್ಪನ ಕಜ್ಜಿ ಟ್ರಂಕು

ಎಲ್ಲಾ ರಾಮಾಯಣ ಶುರುವಾದದ್ದು ಒಂದು ಜಿರಳೆಯಿಂದ. ಮರಾಠಿ ಸೀಮೆಯ ಧನಕವಡಿಯಲ್ಲಿ, ಆ ಮೂರಂತಸ್ತಿನ ಹೌಸಿಂಗ್ ಸೊಸೈಟಿಯ ಮೆಟ್ಟಿಲ ಕೆಳಗೆ ಹುಸೇನಪ್ಪನದೊಂದು ಕಬ್ಬಿಣದ ಟ್ರಂಕು ಇತ್ತು. ಭಾನುವಾರ ಬೆಳಿಗ್ಗೆ ಅದರ ಸಂದಿಯಿಂದ ಹೊರಟ ಜಿರಳೆ, ಅಷ್ಟು ಮಂದಿಯನ್ನು ಬಿಟ್ಟು, ನೆಟ್ಟಗೆ ಚೇರ್ಮನ್ನರ ಹೆಂಡತಿ ಹರಿಣಾಕ್ಷಿಯ ಸೆರಗು ಹತ್ತಿತು. ಬೇರೆ ಯಾರದಾದರೂ ಸೆರಗಾಗಿದ್ದರೆ ಚಪ್ಪಲಿ ಏಟಿನಲ್ಲಿ ಮುಗಿಯುತ್ತಿತ್ತು. ಚೇರ್ಮನ್ನರ ಹೆಂಡತಿಯ ಸೆರಗಾದ್ದರಿಂದ ನೋಟೀಸಾಯಿತು.

ಚೇರ್ಮನ್ ಭುಜಂಗ ಶೆಟ್ಟರು ಕುಂದಾಪುರದ ಕಡೆಯವರು, ಹೋಟೆಲು ನಡೆಸುವವರು. ಹೋಟೆಲಿನಲ್ಲಿ ಜಿರಳೆ ಕಂಡರೆ ಗಿರಾಕಿ ನೋಡುವುದರೊಳಗೆ ಕಾಲಡಿ ಹಾಕಿಕೊಳ್ಳುವ ಮನುಷ್ಯ, ಇಲ್ಲಿ ಮಾತ್ರ ಅದರ ಮೀಸೆ ಹಿಡಿದೆತ್ತಿ ಎಲ್ಲರಿಗೂ ತೋರಿಸಿದರು.

"ಎಂತ ಮಾರಾಯಾ ಇದು ಹುಸೇನಪ್ಪ? ಸಂಜೆ ಆರಕ್ಕೆ ಮೀಟಿಂಗ್. ಅಷ್ಟರೊಳಗೆ ಈ ಕಸ ರದ್ದಿ ಪೇಪರಿನವನಿಗೆ ಹೋಗ್ಬೇಕು. ಇಲ್ದಿದ್ರೆ ನಾವೇ ಹಾಕ್ತೇವೆ."

"ಕಸ ಅನಬ್ಯಾಡ್ರಿ ಶೆಟ್ರ. ಇದು ಸಾಹಿತ್ಯ ಅದ್ರಿ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ!"

ಹುಸೇನಪ್ಪ ಕೊಪ್ಪಳದ ಕಡೆಯಿಂದ ಬಂದ ಗೌಂಡಿ, ಈಗ ಮೇಸ್ತ್ರಿ. ಹನ್ನೆರಡು ವರ್ಷದ ಹಿಂದೆ, ಅಂದರೆ ತೊಂಬತ್ತೊಂದರಲ್ಲಿ, ಪೇಟೆಯೊಳಗಿನ ಹಳೆಯ ವಾಡೆಯೊಂದನ್ನು ಕೆಡವುವಾಗ ಅಟ್ಟದ ಮೇಲೆ ಒಂದು ಗಂಟು ಸಿಕ್ಕಿತ್ತು. ಸೈಕ್ಲೊಸ್ಟೈಲ್ ಮಾಡಿ, ದಾರದಲ್ಲಿ ಹೊಲಿದ ಮರಾಠಿ ಕವಿತೆಯ ಪತ್ರಿಕೆಗಳು. ಎಪ್ಪತ್ತರ ಸುಮಾರಿಗೆ ಉದ್ದ ಕೂದಲಿನ ಹುಡುಗರು ಕದ್ದುಮುಚ್ಚಿ ತೆಗೆದು, ಕಾಲೇಜಿನ ಗೇಟಿನಲ್ಲಿ ಹಂಚಿ ಓಡಿಹೋಗುತ್ತಿದ್ದಂಥವು. ಹೆಸರು 'ಖರೂಜ'. ನಮ್ಮ ಮಾತಿನಲ್ಲಿ ಕಜ್ಜಿ.

ಹುಸೇನಪ್ಪ ಮರಾಠಿ ಕಲಿತದ್ದೇ ಅದನ್ನು ಓದಿ. ಹೀಗಾಗಿ ಅವನ ಮರಾಠಿಯಲ್ಲಿ 'ನಮಸ್ಕಾರ'ಕ್ಕಿಂತ ಮೊದಲು ಬೈಗುಳ ಬಂದವು. ಅವುಗಳಲ್ಲೊಂದನ್ನು ಕಾಂಟ್ರಾಕ್ಟರನ ಮೇಲೆ ಪ್ರಯೋಗಿಸಿ ಕಪಾಳಕ್ಕೆ ತಿಂದ ದಿನ ಅವನಿಗೆ ಕವಿತೆಯ ತಾಕತ್ತು ತಿಳಿಯಿತು. ಅಲ್ಲಿಂದ ಹಿಡಿದ ಹುಚ್ಚು ಬಿಡಲೇ ಇಲ್ಲ. ಭಾನುವಾರ ಬಂತೆಂದರೆ ದೂರದ ಭೋರ್ ಊರಿನವರೆಗೂ ರದ್ದಿ ಅಂಗಡಿ ಜಾಲಾಡಿದ. ಅದೇ ಕಾಲದ ಇಂಗ್ಲಿಷ್ ಜಾಝ್ ಪತ್ರಿಕೆಗಳನ್ನೂ ಕೂಡಿಹಾಕಿದ. ಒಂದಕ್ಷರ ತಿಳಿಯದು, ಆದರೆ ಕೆನ್ನೆ ಉಬ್ಬಿಸಿ ಸೊಟ್ಟ ಪೀಪಿ ಊದುತ್ತಿದ್ದ ಆ ಮನುಷ್ಯರ ಮುಖ ಅವನಿಗೆ ಭಾಳ ಸೇರಿತು. ಯಾರಪ್ಪ ಬಂದರೂ ನಿಲ್ಲಿಸುವುದಿಲ್ಲ ಎನ್ನುವಂಥ ಮುಖಗಳು.

ಹೆಂಡತಿ ಹುಲಿಗೆವ್ವನಿಗೆ ಮಾತ್ರ ಸಾಕುಸಾಕಾಗಿತ್ತು. "ಗಂಡ ಸೆರೆ ಕುಡೀತಾನಂತ ಮಂದಿ ಅಳತಾರ. ನನ್ನ ಗಂಡ ಕಜ್ಜಿ ಕೂಡಸ್ತಾನಂತ ನಾ ಯಾರ ಮುಂದ ಅಳ್ಳಿ? ಕೊಟ್ಟು ಕೈ ತೊಳಕೋರಿ."

"ನನ್ನ ಹೆಣಾ ಹೋದ ಮ್ಯಾಲ ಕೊಡು," ಎಂದು ಹುಸೇನಪ್ಪ ಅಂಗಿ ತೊಟ್ಟ. ಇದರ ಬೆಲೆ ಈ ಮೂಢರಿಗೆ ಹೇಳಬಲ್ಲವರು ಒಬ್ಬರೇ: ಅದರ ಸಂಪಾದಕರು, ಸಾಸವಡದ ಜಗತಾಪರು. ಫೋಟೋದಲ್ಲಿ ಎದೆತನಕ ಗಡ್ಡ, ಬಾಯಲ್ಲಿ ಬೀಡಿ. ಮೊದಲ ಪುಟದಲ್ಲೇ ಓದುಗನಿಗೆ ಬೈದ ಗಂಡಸು. ಇಷ್ಟು ವರ್ಷ ಅವರ ಮುಂದೆ ನಿಲ್ಲಲು ಹುಸೇನಪ್ಪನಿಗೆ ಧೈರ್ಯ ಸಾಲದೆ ಹೋಗಿತ್ತು.

ಗ್ರಹಚಾರ ನೋಡಿ, ಸಾಸವಡಕ್ಕೆ ಹೊರಟ ಬಸ್ಸು ದಿವೆ ಘಾಟಿನ ಅರ್ಧದಲ್ಲಿ ಕೆಟ್ಟು ನಿಂತಿತು. ಈರುಳ್ಳಿ ಟೆಂಪೊ ಹತ್ತಿ ಸಾಸವಡ ಮುಟ್ಟಿದ. ಚಹದಂಗಡಿಯಲ್ಲಿ "ಖರೂಜದವರ ಮನಿ ಎಲ್ಲಿ?" ಎಂದು ಕೇಳಿದ್ದಕ್ಕೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಮಾತಾಡಲು ಬಿಡದೆ ಅಂಗಿ ಬಿಚ್ಚಿಸಿದರು. ಅಲ್ಲಿಂದ ಬಿಡಿಸಿಕೊಂಡು ಜಗತಾಪರ ಬಾಗಿಲು ತಟ್ಟುವಾಗ ಮೂರು ಹೊಡೆದಿತ್ತು.

ನುಣ್ಣಗೆ ಗಡ್ಡ ಕೆರೆದ, ಇಸ್ತ್ರಿ ಅಂಗಿಯ ಮುದುಕರು ಬಾಗಿಲು ತೆರೆದರು. ವಿಷಯ ಕೇಳುತ್ತಲೇ ಅವರ ಕಣ್ಣು ಒದ್ದೆಯಾದವು. "ನನ್ನ ಖರೂಜ ಇನ್ನೂ ಬದುಕಿದೆಯಾ? ನನ್ನ ಹತ್ತಿರ ಒಂದೂ ಉಳಿದಿಲ್ಲಪ್ಪ!" ಎಂದು ಮರಾಠಿಯಲ್ಲಿ ಹೇಳಿ ಅವನ ಕೈ ಹಿಡಿದುಕೊಂಡರು. ಹುಸೇನಪ್ಪ ಅಡ್ಡಬಿದ್ದ. ಮುದುಕರು ಕೈಚೀಲ ಹಿಡಿದು ಆ ಗಳಿಗೆಯಲ್ಲೇ ಹೊರಟರು.

ಆರು ಗಂಟೆಗೆ ಸೊಸೈಟಿ ಅಂಗಳದಲ್ಲಿ ಟ್ರಂಕು ಹೊರಗೆಳೆದಾಗಿತ್ತು. ರದ್ದಿಯವನು ಕೈಗಾಡಿ ತಂದು ನಿಂತಿದ್ದ.

"ಮುಟ್ಟಿದ್ರ ನೋಡ್ರಿ!" ಹುಸೇನಪ್ಪ ಗುಡುಗಿದ. "ಇದನ್ನ ಬರದ ದೊಡ್ಡ ಮನಷ್ಯಾರ್ನ ಕರಕೊಂಡು ಬಂದೀನಿ. ಇದು ರದ್ದಿ ಹೌದೋ ಅಲ್ಲೋ, ಇವರ ಬಾಯಿಂದನ ಕೇಳ್ರಿ. ಇವರು ಹೇಳಿದಂಗ ಆಗ್ಲಿ!"

"ಆಯ್ತು ಮಾರಾಯಾ, ಅವರು ಹೇಳಿದ ಹಾಗೇ," ಎಂದರು ಶೆಟ್ಟರು. ಇಡೀ ಸೊಸೈಟಿ ತಲೆಯಾಡಿಸಿತು.

ಜಗತಾಪರು ಕುರ್ಚಿಯಲ್ಲಿ ಕೂತು ಮೊದಲ ಸಂಚಿಕೆ ಬಿಡಿಸಿದರು. ಊರಲ್ಲೆಲ್ಲ ಉಳಿದ ಒಂದೇ ಪ್ರತಿ. ಅವರು ಓದುತ್ತ ಹೋದಂತೆ ಹುಬ್ಬು ಗಂಟಾಯಿತು. ಜೇಬಿಗೆ ಕೈ ಹಾಕಿ ಕೆಂಪು ಪೆನ್ನು ತೆಗೆದು, ಮೂರನೆಯ ಸಾಲಿನ ಮೇಲೆ ಸರ್ರನೆ ಗೀರು ಎಳೆದರು.

ಹುಸೇನಪ್ಪ ಮುಂದಕ್ಕೆ ನುಗ್ಗಿದ. "ಸರ್! ಏನ್ ಮಾಡಾಕತ್ತೀರಿ?" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಚೀರಿದ.

"ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಮರಾಠಿ ಪಾಠ ಹೇಳಿದವನು ನಾನು," ಎಂದರು ಜಗತಾಪರು. "ಹತ್ತನೇ ಇಯತ್ತೆಯ ಪೇಪರಿನಲ್ಲೂ ಇಂಥ ತಪ್ಪು ಬಿಟ್ಟವನಲ್ಲ. ಇದೇನಿದು, ಪೂರ್ಣವಿರಾಮವೇ ಇಲ್ಲ! ಛೀ, ಇದೆಂಥ ಶಬ್ದ! ಮನೆಯಲ್ಲಿ ಹೆಣ್ಣುಮಕ್ಕಳು ಇರುತ್ತಾರೆ."

ನೋಡನೋಡುತ್ತ ಬೈಗುಳಗಳೆಲ್ಲ ಹೊಡೆದುಹೋಗಿ, ಮೇಲೆ 'ಮಹೋದಯ', 'ಸಜ್ಜನ' ಎಂಬ ಶಬ್ದಗಳು ಕೂತವು. ಕೊನೆಗೆ ಕೆಳಗೊಂದು ಸುತ್ತು ಹಾಕಿ ನೂರಕ್ಕೆ ಮೂವತ್ತೆಂಟು ಎಂದು ಬರೆದು ಸಹಿ ಜಡಿದರು.

"ಪಾಸ್ ಆಗ್ಯಾದಲ್ಲ?" ಎಂದಳು ಹುಲಿಗೆವ್ವ, ಪಾಪ, ಗಂಡನ ಮುಖ ನೋಡಲಾರದೆ.

"ಮೂವತ್ತೆಂಟಕ್ಕೆ ಎಂತ ಪಾಸ್?" ಎಂದ ಶೆಟ್ಟರು ಮುದುಕರತ್ತ ತಿರುಗಿ ಮರಾಠಿಯಲ್ಲಿ ಕೇಳಿದರು, "ಹಾಗಾದರೆ ರದ್ದಿಗೆ ಹಾಕಿಬಿಡೋಣವೇ?"

ಜಗತಾಪರು ಕೆರಳಿದರು. "ರದ್ದಿಗೆ? ತಿದ್ದದ ಪೇಪರನ್ನು ಯಾವನಾದರೂ ರದ್ದಿಗೆ ಹಾಕುತ್ತಾನಾ? ಟ್ರಂಕು ನನ್ನ ಮನೆಗೆ ಬರಲಿ. ಒಂದು ತಪ್ಪೂ ಉಳಿಯದ ಹಾಗೆ ಎಲ್ಲಾ ತಿದ್ದುತ್ತೇನೆ!"

ಹುಸೇನಪ್ಪ ಹಾರಿ ಟ್ರಂಕಿನ ಮೇಲೆ ಕೂತ. ಸಿಟ್ಟಿನಲ್ಲಿ ಮರಾಠಿ ಮರೆತು ಊರ ಮಾತೇ ಬಂತು. "ಬರದಾವ್ರು ನೀವ ಇರಬಹುದು. ತಿದ್ದಾಕ ನಿಮಗ ಹಕ್ಕಿಲ್ಲ! ಮಂದಿ ಮುಂದ ತಲಿ ತಗ್ಗಿಸಿ ಸಿಮೆಂಟ ಹೊರತಿದ್ದೆ. ಇದನ್ನ ಓದಿ ತಲಿ ಎತ್ತೀನಿ. ಆ ಬೈಗಳಾ ನಿಮ್ಮವಲ್ಲ, ನನ್ನವು! ನಾ ಇಳಿಯಂಗಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ!"

"ಏನಂತಾನೆ?" ಎಂದು ಜಗತಾಪರು ಶೆಟ್ಟರನ್ನು ಕೇಳಿದರು.

"ತಾನೂ ಬರ್ತಾನಂತೆ," ಎಂದರು ಶೆಟ್ಟರು ತಣ್ಣಗೆ.

ನಾಲ್ಕು ಮಂದಿ ಕೈ ಹಚ್ಚಿ, ಟ್ರಂಕನ್ನೂ ಅದರ ಮೇಲಿನ ಹುಸೇನಪ್ಪನನ್ನೂ ಒಟ್ಟಿಗೆ ಎತ್ತಿ ಕೈಗಾಡಿಗೆ ಇಟ್ಟರು. ಅವನು ಇಳಿಯಲಿಲ್ಲ, ಇಳಿಯುವುದಿಲ್ಲವೆಂದು ಆಣೆ ಮಾಡಿದವನು ಹೇಗೆ ಇಳಿದಾನು? ಗಾಡಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿತು. ಹುಸೇನಪ್ಪ ಎದೆ ಸೆಟೆಸಿ, ಕೆಂಪು ಪೆನ್ನು ಹೊಡೆದುಹಾಕಿದ ಬೈಗುಳಗಳನ್ನೆಲ್ಲ ಒಂದೂ ಬಿಡದೆ, ಇಡೀ ಧನಕವಡಿಗೆ ಕೇಳುವ ಹಾಗೆ ಮರಾಠಿಯಲ್ಲಿ ಕೂಗತೊಡಗಿದ.

ಜಗತಾಪರು ಗಾಡಿಯ ಹಿಂದೆಯೇ ನಡೆಯುತ್ತ, ಅವನ ಒಂದೊಂದು ಉಚ್ಚಾರವನ್ನೂ ತಿದ್ದುತ್ತ ಬಂದರು.