ಹಾಜಿಯವರ ತುಪ್ಪಳದ ಕಾರು

ನಮ್ಮ ಕಸುಬಿನಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಿಸ್ಮಿ ಹೇಳಿ ಗ್ಯಾರೇಜಿನ ಶಟರ್ ಎತ್ತಿದರೆ ಸಾಕು, ಅದು ನಮಗಿಂತ ಮೊದಲೇ ಬಂದು ಒಳಗೆ ಕೂತಿರುತ್ತದೆ. ಅನ್ನ ಕೊಡುವವನು ಅನ್ನದ ಜೊತೆ ಒಂದಿಷ್ಟು ನಗುವನ್ನೂ ಕಟ್ಟಿ ಕಳಿಸುತ್ತಾನೆ ಎಂಬುದು ನನ್ನ ನಂಬಿಕೆ.

ಕೆಲವು ವರ್ಷಗಳ ಹಿಂದಿನ ಮಾತು. ಅಬುಧಾಬಿಯ ಮುಸಫ್ಫಾದಲ್ಲಿ, ಹಳೆಯ ಕಾರುಗಳಿಗೆ ಹೊಸ ವೇಷ ಹಾಕುವ ಗ್ಯಾರೇಜಿನಲ್ಲಿ ನಾನು ಸೀಟು ಹೊಲಿಯುತ್ತಿದ್ದೆ. ಊರು ಉಳ್ಳಾಲದ ಕಡೆ, ಬ್ಯಾರಿ. ಪೇಂಟರ್ ಕಾರ್ಕಳದವರು, ತುಳುವರು, ನನಗಿಂತ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಬ್ಯಾರಿಗಳೇ ಎನ್ನುತ್ತಿದ್ದರು. ಅವರು ಪೇಂಟ್ ಡಬ್ಬಗಳ ಮೇಲಿಟ್ಟ ದೇವರ ಪಟಕ್ಕೆ ಕೈ ಮುಗಿಯುವ ಹೊತ್ತಿಗೆ ನಾನು ಮೂಲೆಯಲ್ಲಿ ನಮಾಝಿನ ಚಾಪೆ ಮಡಚುತ್ತಿದ್ದೆ. ಆಮೇಲೆ ಇಬ್ಬರೂ ಸೇರಿ ಒಂದೇ ಕಾರನ್ನು ಬೈಯುತ್ತಿದ್ದೆವು.

ಇದು ಎಂತ ಜಾತಿಯ ಕಾರು?

ಒಂದು ದಿನ ಖಲೀಫಾ ಸಿಟಿಯಿಂದ ಒಬ್ಬ ಅರಬ್ ಹಿರಿಯರು ಬಂದರು. ಬಿಳಿ ಗಡ್ಡ, ಕೈಯಲ್ಲಿ ತಸ್ಬೀಹ್ ಮಣಿಸರ. ನಾವು ಅವರನ್ನು ಹಾಜಿ ಎಂದೇ ಕರೆದೆವು. ಅವರ ಹಿಂದೆ ಟ್ರಕ್ಕಿನ ಮೇಲೆ ಒಂದು ಮುದಿ ಅಮೆರಿಕನ್ ಕಾರು ಮಲಗಿತ್ತು. ಟ್ರಕ್ಕಿನಿಂದ ಅದರ ಬಾಲ ಇಷ್ಟುದ್ದ ಹೊರಗೆ ಬಂದಿತ್ತು.

ಹಾಜಿ ಜೇಬಿನಿಂದ ಒಂದು ಹಳೆಯ ಫೋಟೋ ತೆಗೆದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಬೀದಿಗಳಲ್ಲಿ ಕೆಲವರು ಹೀಗೆ ಕಾರು ಸಿಂಗರಿಸುತ್ತಿದ್ದರಂತೆ. ಅರಮನೆಯ ಗೇಟಿನಂಥ ಮುಂಭಾಗ, ಪಾಯಸದ ಉರುಳಿಯಷ್ಟು ದೊಡ್ಡ ಹೆಡ್‌ಲೈಟು, ಬಿಳಿ ಪಟ್ಟಿಯ ಟಯರು, ಡಿಕ್ಕಿಯ ಬೆನ್ನಿಗೆ ಅಂಟಿಸಿದ ಇನ್ನೊಂದು ಚಕ್ರ, ಹಿಂದೆ ದುಂಡನೆಯ ಕಿಟಕಿ. ಒಳಗೆ ಪರದೆ, ದೀಪದ ಗೊಂಚಲು, ನೆಲದಿಂದ ಸೀಟಿನವರೆಗೆ ಉದ್ದ ಕೂದಲಿನ ತುಪ್ಪಳ.

"ನಾನು ಯುವಕನಿದ್ದಾಗ ಎಣ್ಣೆ ಕಂಪೆನಿಯ ಅಮೆರಿಕನ್ ಒಬ್ಬ ಇಂಥದ್ದನ್ನು ಹಡಗಿನಲ್ಲಿ ತರಿಸಿದ್ದ," ಎಂದರು ಹಾಜಿ. "ಆಗಷ್ಟೇ ನನ್ನ ನಿಕಾಹ್ ಆಗಿತ್ತು. ಇಂಥದ್ದೇ ಕಾರಿನಲ್ಲಿ ನಿನ್ನನ್ನು ಕಡಲ ದಂಡೆಯ ಉದ್ದಕ್ಕೂ ಸುತ್ತಿಸುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟೆ. ಈಗ ಅವಳು ಮೊಮ್ಮಕ್ಕಳ ಮದುವೆಯನ್ನೂ ನೋಡಿದಳು. ಕಾರು ಮಾತ್ರ ನೋಡಲಿಲ್ಲ. ದಿನಾ ಕೇಳುತ್ತಾಳೆ, ಅದು ಲೋಕ ಮುಗಿಯುವ ಕಿಯಾಮತ್ತಿಗೆ ಮೊದಲು ಬರುತ್ತದೋ ಆಮೇಲೋ ಅಂತ."

ಡಿಸೆಂಬರಿನ ರಾಷ್ಟ್ರೀಯ ದಿನಕ್ಕೆ ಕಡಲ ದಂಡೆಯ ಕಾರ್ನಿಶ್ ರಸ್ತೆಯಲ್ಲಿ ಸಿಂಗರಿಸಿದ ಕಾರುಗಳ ಮೆರವಣಿಗೆ. ಅಂದು ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮಾತು ಉಳಿಸಿಕೊಳ್ಳಬೇಕು. ಪರವಾನಗಿ, ತಪಾಸಣೆ ಎಲ್ಲ ಮಗ ನೋಡಿಕೊಳ್ಳುತ್ತಾನೆ, ವೇಷ ಮಾತ್ರ ನೀವು ಹಾಕಿ ಎಂದರು.

"ಎಷ್ಟು ಮಾಡಿದರೆ ಇದು ಆ ಶೈಲಿ ಅಂತ ಆಗ್ತದೆ, ಹಾಜಿ?" ಎಂದು ಕೇಳಿದೆ.

"ಸುಲಭ. ಸಾಕು ಅಂತ ಅನ್ನಿಸಿದ ಮೇಲೆ ಇನ್ನೆರಡು ಸೇರಿಸಬೇಕು."

ಅಣ್ಣ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಬ್ಯಾರಿಗಳೇ, ಇದು ಕಾರಲ್ಲ ಮಾರಾಯ್ರೆ. ಮದುವೆ ಹಾಲ್‌ಗೆ ಸ್ಟಿಯರಿಂಗ್ ಇಟ್ಟದ್ದು."

ಏನೆಂದ ಎಂದು ಹಾಜಿ ಕೇಳಿದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅರಬಿಗೆ ಇಳಿಸಿದೆ. ಹಾಜಿಯವರ ಮುಖ ಅರಳಿತು.

"ಮದುವೆ ಹಾಲ್! ಸರಿಯಾಗಿ ಹೇಳಿದ. ಹಾಗಾದರೆ ದೀಪದ ಗೊಂಚಲು ಎರಡಿರಲಿ."

ದೇರಾದಲ್ಲಿ ಹೆರಿಗೆಯ ವಿಚಾರಣೆ

ತುಪ್ಪಳ ತರಲು ನಾನೂ ಅಣ್ಣನೂ ದುಬೈಗೆ ಹೋದೆವು. ದೇರಾದ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಒಂದು ಗಲ್ಲಿಯಲ್ಲಿ ಹಾಲಿನಂಥ ಬಿಳಿ ಫರ್ ಬಟ್ಟೆ ಸಿಕ್ಕಿತು. ಕೈ ಇಟ್ಟರೆ ಬೆರಳು ಕಾಣುತ್ತಿರಲಿಲ್ಲ. ಸುಬ್‌ಹಾನಲ್ಲಾಹ್, ಮನುಷ್ಯನ ಕೈಗೆ ಇಂಥದ್ದನ್ನು ನೇಯುವ ಬುದ್ಧಿ ಕೊಟ್ಟವನು ಎಂಥವನು ಎಂದು ನಾನು ಅಲ್ಲೇ ನಿಂತುಬಿಟ್ಟೆ.

ಅಂಗಡಿಯ ಸೇಠರು ಮೃದು ಮನಸ್ಸಿನವರು. ನನ್ನ ಕಣ್ಣು ನೋಡಿ ಅವರ ಕಣ್ಣೂ ತೇವವಾಯಿತು.

"ತೊಟ್ಟಿಲಿಗೆ ತಾನೆ? ಎಳೆ ಮೈಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಷ್ಟು ಕೊಡಲಿ, ಒಂದು ಮೀಟರು ಸಾಕಲ್ಲ?"

"ಇಡೀ ಥಾನು ಬೇಕು ಸೇಠ್‌ಜಿ," ಎಂದೆ. "ಸಾಲದಿದ್ದರೆ ಮತ್ತೆ ಬರ್ತೇವೆ."

ಸೇಠರು ಕತ್ತರಿ ಕೆಳಗಿಟ್ಟರು. "ಇಡೀ ಥಾನು! ದೇವರು ದೊಡ್ಡವನು. ಗಂಡೋ, ಹೆಣ್ಣೋ?"

ಅಣ್ಣ ಥಾನನ್ನು ಹೆಗಲಿಗೆ ಏರಿಸಿಕೊಳ್ಳುತ್ತಾ ಶಾಂತವಾಗಿ ಹೇಳಿದರು: "ಎಂಟು ಸಿಲಿಂಡರ್."

ನವಿಲು ಮತ್ತು ಒಂಟೆ

ಹೊಲಿಯುತ್ತಾ ಹೋದ ಹಾಗೆ ನನ್ನೊಳಗೆ ಒಂದು ಅಳುಕು ಹುಟ್ಟಿತು. ಇದು ದುಂದಲ್ಲವೇ? ನಮ್ಮ ದೀನಿನಲ್ಲಿ, ಧರ್ಮದಲ್ಲಿ, ಸರಳತೆಗೆ ಎಷ್ಟು ಮಹತ್ವ ಇದೆ! ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಹಾಜಿಯವರ ಪಕ್ಕದಲ್ಲೇ ಕೂತಿದ್ದೆ. ಧೈರ್ಯ ಮಾಡಿ ಕೇಳಿದೆ.

ಹಾಜಿಗೆ ಬೇಸರವಾಗಲಿಲ್ಲ. "ಯಾ ಅಖೀ, ನವಿಲನ್ನು ಸೃಷ್ಟಿಸಿದವನು ಯಾರು?"

"ಅಲ್ಲಾಹನು."

"ಆ ಬಾಲ ಇಲ್ಲದೆಯೂ ನವಿಲು ನಡೆಯುತ್ತಿತ್ತಲ್ಲ?"

ನಾನೂ ಬಿಡದೆ ಕೇಳಿದೆ: "ಒಂಟೆಯನ್ನು ಸೃಷ್ಟಿಸಿದವನೂ ಅವನೇ ಅಲ್ಲವೇ ಹಾಜಿ? ಅದು ಎಷ್ಟು ಸರಳ!"

ಹಾಜಿ ನನ್ನ ಭುಜದ ಮೇಲೆ ಕೈ ಇಟ್ಟರು. "ಒಂಟೆಯ ಮೇಲೆ ಕೂತೇ ನಾನು ಬೆಳೆದೆ. ಬೆನ್ನು ಇವತ್ತಿಗೂ ನೋಯುತ್ತದೆ. ಸರಳತೆಯಲ್ಲಿ ನನ್ನ ಪಾಲು ಖಲಾಸ್. ಇನ್ನು ಸ್ವಲ್ಪ ನವಿಲು ಕೊಡು."

ಜುಮಾದ ಕನ್ನಡಿ

ಅಣ್ಣನ ಕೈಗುಣದ ಬಗ್ಗೆ ಹೇಳಲೇಬೇಕು. ಖರ್ಜೂರದ ಬೆಲ್ಲದ ಬಣ್ಣ, ಅದರೊಳಗೆ ಚಿನ್ನದ ಪುಡಿ ಚೆಲ್ಲಿದ ಹಾಗೆ ಮಿನುಗು. ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ಕೊನೆಗೆ ಕಾರಿನ ಬಾಗಿಲಲ್ಲಿ ನಮ್ಮ ಕಣ್ಣಿನ ರೆಪ್ಪೆ ಎಣಿಸಬಹುದಿತ್ತು. ನಾನು ಮಾಶಾ ಅಲ್ಲಾಹ್ ಅಂದೆ. ಅಣ್ಣ ದೃಷ್ಟಿಯಾಗದಿರಲಿ ಎಂದು ಹಿಂದಿನ ಚಕ್ರದ ಬಳಿ ಒಂದು ಲಿಂಬೆಹಣ್ಣು ಇಟ್ಟರು. ಎರಡೂ ಕೆಲಸಕ್ಕೆ ಬರಲಿಲ್ಲ.

ಶುಕ್ರವಾರ ಜುಮಾಕ್ಕೆ ಹೊರಟ ಪಕ್ಕದ ಗ್ಯಾರೇಜುಗಳವರು ಒಬ್ಬೊಬ್ಬರಾಗಿ ಕಾರಿನ ಮುಂದೆ ನಿಲ್ಲತೊಡಗಿದರು. ಒಬ್ಬ ಟೊಪ್ಪಿ ಸರಿಮಾಡಿಕೊಂಡ. ಒಬ್ಬ ಬಾಗಿ ಕಣ್ಣಿಗೆ ಸುರ್ಮಾ ಹಚ್ಚಿದ. ಟಯರ್ ಅಂಗಡಿಯ ಪಠಾಣ ಕತ್ತರಿ ತಂದು ಮೀಸೆಗೇ ಕೈ ಹಾಕಿದ.

"ಏಯ್, ಇದು ಕಾರೋ ಕ್ಷೌರದ ಅಂಗಡಿಯೋ?" ಎಂದು ಅಣ್ಣ ಕೂಗಿ ಎಲ್ಲರನ್ನೂ ಓಡಿಸಿದರು. ನಾನು ನಮಾಝ್ ಮುಗಿಸಿ ಬಂದಾಗ ಗ್ಯಾರೇಜು ಖಾಲಿ. ಅಣ್ಣ ಒಬ್ಬರೇ, ಕಾರಿನ ಬಾಗಿಲಿಗೆ ಮುಖ ಕೊಟ್ಟು, ನರೆಗೂದಲು ಕೀಳುತ್ತಿದ್ದರು.

"ಎಂತ ಅಣ್ಣ ಇದು?"

ಅವರು ತಿರುಗಲೂ ಇಲ್ಲ. "ಫಿನಿಶಿಂಗ್ ಚೆಕ್ ಮಾಡ್ತಿದ್ದೇನೆ."

ಹಿಂದಿನ ಸೀಟಿನಿಂದ ಫೋನು

ರಾಷ್ಟ್ರೀಯ ದಿನಕ್ಕೆ ವಾರ ಇರುವಾಗ ಹಾಜಿ ತಮ್ಮ ಪತ್ನಿಯನ್ನು ಕರೆತಂದರು. ನಾನು ಅವರನ್ನು ಉಮ್ಮ ಎಂದೆ. ಮುದ್ದಿನ ಅಜ್ಜಿ. ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು, ಕಾರಿನ ಮೂತಿಯಿಂದ ಬಾಲದವರೆಗೆ ಒಂದು ಸುತ್ತು ಬಂದು, ಹಿಂದಿನ ಸೀಟಿನಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ತುಪ್ಪಳದಲ್ಲಿ ಮುಳುಗಿದರು ಅನ್ನಬೇಕು. ಹಾಜಿ ಮುಂದೆ ಸ್ಟಿಯರಿಂಗ್ ಹಿಡಿದರು. ಇಬ್ಬರ ನಡುವೆ ಎರಡು ದೀಪದ ಗೊಂಚಲು, ಒಂದು ಪರದೆ, ಮುಂದಿನ ಸೀಟಿನ ಎತ್ತರದ ಬೆನ್ನು.

"ಹೇಗಿದೆ?" ಎಂದರು ಹಾಜಿ. ಹಿಂದಿನಿಂದ ಸದ್ದಿಲ್ಲ. ತುಪ್ಪಳ ದನಿಯನ್ನೆಲ್ಲ ನುಂಗಿತ್ತು. ಮತ್ತೆ ಕೂಗಿದರು. ಸದ್ದಿಲ್ಲ. ಕೊನೆಗೆ ಹಾಜಿ ಮೊಬೈಲ್ ತೆಗೆದು ಹಿಂದಿನ ಸೀಟಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಉಮ್ಮನ ದನಿ ನಮಗೂ ಕೇಳಿತು:

"ಈಗ ಅರ್ಥವಾಯಿತು ನನಗೆ, ಇಷ್ಟು ವರ್ಷ ಈ ಕಾರೇ ಬೇಕು ಅಂತ ಯಾಕೆ ಹಟ ಹಿಡಿದಿರಿ ಅಂತ. ನನ್ನ ಮಾತು ಕೇಳಿಸಬಾರದು, ಅಲ್ಲವಾ?"

ಆದರೆ ಇಳಿಯಿರಿ ಎಂದರೆ ಉಮ್ಮ ಇಳಿಯಲಿಲ್ಲ. ಚಹಾ ಅಲ್ಲಿಗೇ ತರಿಸಿಕೊಂಡರು.

ಸೀಟಿನಲ್ಲಿ ಬಾಣಂತಿ

ಮೆರವಣಿಗೆಯ ಬೆಳಿಗ್ಗೆ. ಸಂಜೆ ಹೊರಡಬೇಕು. ನಾನು ಒಳಗಿನ ದೂಳು ಒರೆಸೋಣ ಎಂದು ಹಿಂದಿನ ಬಾಗಿಲು ತೆರೆದೆ. ಉಮ್ಮ ಕೂರುವ ಸೀಟಿನ ಪಕ್ಕ, ತುಪ್ಪಳದ ನಟ್ಟನಡುವೆ, ಬೀದಿಯ ಒಂದು ಬೂದು ಬೆಕ್ಕು ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಕಣ್ಣು ಬಿಡದ ನಾಲ್ಕು ಮರಿ. ರಾತ್ರಿ ಕಿಟಕಿಯ ಗಾಜು ಇಳಿದೇ ಇತ್ತು. ಮುಸಫ್ಫಾದಲ್ಲಿ ಇದಕ್ಕಿಂತ ಒಳ್ಳೆಯ ಹೆರಿಗೆ ಕೋಣೆ ಆ ತಾಯಿಗೆ ಎಲ್ಲಿ ಸಿಗಬೇಕು?

ಅಣ್ಣ ಮೆಲ್ಲಗೆ ಎತ್ತಲು ಹೋದರು. ಬೆಕ್ಕು ಅವರ ಕೈಯಲ್ಲಿ ನಾಲ್ಕು ಗೆರೆ ಎಳೆಯಿತು. ಅಷ್ಟರಲ್ಲಿ ಹಾಜಿ ಬಂದರು. ನೋಡಿದರು. ಅವರ ಮುಖದಲ್ಲಿ ಇಷ್ಟು ವರ್ಷದ ಆಸೆ ಒಂದು ಕಡೆ, ಬೆಕ್ಕು ಇನ್ನೊಂದು ಕಡೆ.

"ಎಬ್ಬಿಸಬೇಡಿ," ಎಂದರು ಕೊನೆಗೆ. "ಬಾಣಂತಿ. ಮೆರವಣಿಗೆ ಮಾಫಿ, ಈ ಸಲ ಇಲ್ಲ. ಮುಂದಿನ ವರ್ಷ ಅಲ್ಲಾಹನು ಆಯುಸ್ಸು ಕೊಟ್ಟರೆ ನೋಡೋಣ." ಹೆಂಡತಿಗೆ ಫೋನು ಮಾಡಲು ಹೊರಗೆ ನಡೆದರು. ನಡೆಯುವಾಗ ಅವರ ಬೆನ್ನು ಸ್ವಲ್ಪ ಬಾಗಿತ್ತು.

ನಾನು ಎರಡೂ ಕೈ ಎತ್ತಿದೆ. ದುಆ ಮಾಡಿದೆ: ಯಾ ಅಲ್ಲಾಹ್, ಬೆಕ್ಕಿಗೂ ನೋವಾಗಬಾರದು, ಹಾಜಿಯ ಮಾತೂ ಉಳಿಯಬೇಕು. ಆಗ ಮದ್ರಸದ ಉಸ್ತಾದರು ಹೇಳುತ್ತಿದ್ದ ಕಥೆಯೊಂದು ನೆನಪಾಯಿತು. ಅಂಗಿಯ ತೋಳಿನ ಮೇಲೆ ನಿದ್ರಿಸಿದ ಬೆಕ್ಕನ್ನು ಎಬ್ಬಿಸಲಾರದೆ ತೋಳನ್ನೇ ಕತ್ತರಿಸಿ ಎದ್ದು ಹೋದ ಪುಣ್ಯಾತ್ಮರ ಕಥೆ.

ಬಿಸ್ಮಿ ಹೇಳಿ ಕತ್ತರಿ ಎತ್ತಿಕೊಂಡೆ. ಬೆಕ್ಕಿನ ಸುತ್ತ ದುಂಡಗೆ ತುಪ್ಪಳ ಕತ್ತರಿಸಿದೆ. ಕೆಳಗಿನ ಸ್ಪಂಜನ್ನೂ ಹಾಗೇ ಬಿಡಿಸಿ, ಅಡಿಯಿಂದ ಒಂದು ಹಲಗೆ ತೂರಿಸಿ, ಬಾಣಂತಿಯನ್ನು ಹಾಸಿಗೆ ಸಮೇತ ಎತ್ತಿ ನನ್ನ ನಮಾಝಿನ ಮೂಲೆಯ ಪಕ್ಕ ಇಟ್ಟೆವು. ಬೆಕ್ಕು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

ಈಗ ಸೀಟಿನ ಮಧ್ಯೆ ಒಂದು ದುಂಡನೆಯ ಗುಂಡಿ. ಉಳಿದ ತುಪ್ಪಳ ಒಂದು ಗೇಣೂ ಇಲ್ಲ, ದೇರಾಕ್ಕೆ ಹೋಗಿಬರಲು ಹೊತ್ತಿಲ್ಲ. ಪರದೆಗೆ ತಂದು ಮಿಕ್ಕಿದ್ದ ಜರಿಯನ್ನು ಗುಂಡಿಯ ಅಂಚಿಗೆ ಸುತ್ತಲೂ ಹೊಲಿದೆ. ತಳಕ್ಕೆ ಮಖಮಲ್ಲು ಹಾಸಿದೆ. ಹಾಜಿ ಮರಳಿ ಬಂದು ನೋಡಿದರು, ನನ್ನ ಹಣೆಗೆ ಮುತ್ತಿಟ್ಟರು, ಹೆಂಡತಿಗೆ ಮತ್ತೆ ಫೋನು ಮಾಡಿದರು.

ಸಂಜೆ ಉಮ್ಮ ಬಂದು ಕೂತರು. ಗುಂಡಿ ನೋಡಿದರು. ಮನೆಯಿಂದ ತಂದಿದ್ದ ಗಾವಾ ಕಾಫಿಯ ಕೂಜೆಯನ್ನು ಅದರಲ್ಲಿಟ್ಟರು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಕೂಡಲೇ ಮುಂದಿನ ಸೀಟಿಗೆ ಫೋನು: "ಈ ಕಾರಿನಲ್ಲಿ ಬುದ್ಧಿ ಇದ್ದು ಮಾಡಿದ್ದು ಇದೊಂದೇ."

ಕಾರ್ನಿಶ್ ರಸ್ತೆಯಲ್ಲಿ ಆ ಸಂಜೆ ಎಷ್ಟು ಕಾರುಗಳಿದ್ದವೋ! ಆದರೆ ಜನ ಮುತ್ತಿದ್ದು ಹಾಜಿಯವರ ಕಾರನ್ನು. ಹುಡುಗರು ಕಿಟಕಿಯೊಳಗೆ ಮೊಬೈಲ್ ತೂರಿಸಿ ಫೋಟೋ ಹೊಡೆದರು. ಉಮ್ಮ ಒಳಗಿನಿಂದ ಎಲ್ಲರಿಗೂ ಪುಟ್ಟ ಬಟ್ಟಲಲ್ಲಿ ಗಾವಾ ಬಗ್ಗಿಸಿ ಕೊಡುತ್ತಿದ್ದರು. ಕಡಲಿನ ಗಾಳಿಗೆ ಎರಡೂ ಗೊಂಚಲು ಕಿಣಿಕಿಣಿ ಎನ್ನುತ್ತಿದ್ದವು. ಸರಿಸಿದ ಪರದೆಯ ನಡುವೆ ಹಾಜಿಯವರ ಕಣ್ಣುಗಳು ಕನ್ನಡಿಯಲ್ಲಿ ಹಿಂದಿನ ಸೀಟನ್ನೇ ನೋಡುತ್ತಿದ್ದವು. ಫುಟ್‌ಪಾತಿನಲ್ಲಿ ನಿಂತು ನಾನು ಅಲ್‌ಹಮ್ದುಲಿಲ್ಲಾಹ್ ಅಂದೆ. ಅಣ್ಣ ಗೀರಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು.

ಮುಂದಿನ ವಾರ ಗ್ಯಾರೇಜಿಗೆ ಒಬ್ಬ ಯುವಕ ಬಂದ. ಇಸ್ತ್ರಿಯ ಬಿಳಿ ಕಂದೂರ ನಿಲುವಂಗಿ, ಕಪ್ಪು ಕನ್ನಡಕ. ಮೊಬೈಲಿನಲ್ಲಿ ನಮ್ಮ ಸೀಟಿನದ್ದೇ ಫೋಟೋ.

"ನನ್ನ ಕಾರಿಗೂ ಎಪ್ಪತ್ತರ ದಶಕದ ಶೈಲಿ ಬೇಕು. ನಕಲಿ ಬೇಡ, ಅಸಲಿ. ಅಸಲಿಯಲ್ಲಿ ಸೀಟಿನ ನಡುವೆ ಈ ಗುಂಡಿ ಇರಲೇಬೇಕು. ಅಮೆರಿಕದಲ್ಲಿ ಆಗ ಎಲ್ಲದರಲ್ಲೂ ಇತ್ತಂತೆ. ನೀವು ಹೇಗೆ ಮಾಡಿದಿರೋ ಹಾಗೆಯೇ ಮಾಡಬೇಕು, ಕೂದಲೆಳೆಯೂ ಬದಲಾಗಬಾರದು."

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಬ್ರಶ್ ಕೆಳಗಿಟ್ಟು, ಕೈ ಒರೆಸಿಕೊಂಡು, ಬಹಳ ಗೌರವದಿಂದ ಕೇಳಿದರು:

"ಮಾಡಿಕೊಡುವ ಸಾರ್. ಬಸುರಿ ಬೆಕ್ಕು ನೀವೇ ತರ್ತೀರೋ, ಅಲ್ಲ ನಾವೇ ಹುಡುಕಬೇಕೋ?"