ಅಜ್ಜ, ಅಪ್ಪ, ಮೊಮ್ಮಗ, ಆಮೇಲೆ ನಾನು

ಸುಮ್ಮನಿರೋಣ ಅಂದುಕೊಂಡ ದಿನವೇ ಏನಾದರೊಂದು ನನ್ನ ಬಾಗಿಲು ತಟ್ಟುತ್ತದೆ. ಇಲ್ಲದಿದ್ದರೆ ನಾನೇ ಹೋಗಿ ಅದರ ಬಾಗಿಲು ತಟ್ಟುತ್ತೇನೆ. ದಿಲ್ಲಿಯ ಪೀತಮ್‌ಪುರದಲ್ಲಿ ದೋಸೆ ಹಿಟ್ಟು ಮಾರಿ ಫ್ಲ್ಯಾಟ್ ಕೊಂಡವಳು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಹಳೇ ಪುಸ್ತಕದಂಗಡಿಗಳ ದಯೆಯಿಂದ ಓದು ಮಾತ್ರ ಬಿಡಲಿಲ್ಲ. ನಮ್ಮ ಬ್ಲಾಕಿನ ನಿವಾಸಿಗಳ ಸಂಘದ ಕೋಣೆಯನ್ನು ವಾಚನಾಲಯ ಮಾಡಬೇಕೆಂದು ನನಗೆ ಹಟ. ಅದರಲ್ಲಿ ಅಧ್ಯಕ್ಷರ ಮನೆಯ ಹಳೇ ಸೋಫಾಗಳು ಮಲಗಿದ್ದವು. ಅಧ್ಯಕ್ಷಗಿರಿ ಮೊದಲು ಅಜ್ಜನದು, ಆಮೇಲೆ ಮಗನದು. ಈ ಸಲ ಮೊಮ್ಮಗನದು ಎಂದು ಮಿಠಾಯಿಯನ್ನೂ ಹಂಚಿಯಾಗಿತ್ತು. ಅದನ್ನು ತಿಂದು ಮುಗಿಸಿ ನಾನು ಎದುರು ನಿಂತೆ.

೧. ಅರ್ಜಿ

ನಾಮಪತ್ರ ಕೇಳಿದರೆ ಕಾರ್ಯದರ್ಶಿ ಕಣ್ಣು ಕಣ್ಣು ಬಿಟ್ಟರು. “ಅಂಥದ್ದು ಛಾಪಿಸಿಯೇ ಇಲ್ಲ ಮೇಡಂ. ಅವರ ಮನೆಯವರು ಹೆಸರು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ.”

ನೋಟ್‌ಬುಕ್ಕಿನ ಹಾಳೆ ಹರಿದು ನಾನೇ ಬರೆದುಕೊಟ್ಟೆ. ಅವರು ಪೆನ್ನು ತೆಗೆದರು. “ನಿಮ್ಮ ತಂದೆಯವರು ಎಲ್ಲಿ ಅಧ್ಯಕ್ಷರಾಗಿದ್ದರು?”

“ರೇಷನ್ ಕ್ಯೂನಲ್ಲಿ. ಬಹಳ ವರ್ಷಗಳ ಅನುಭವ.”

ಪಾಪ, ಅದನ್ನೂ ಬರೆದುಕೊಂಡರು.

೨. ಪ್ರಚಾರ

ಕೆಳಗಿನ ಮನೆಯ ಪಂಜಾಬಿ ಅಜ್ಜಿ ನನ್ನ ಮೊಟ್ಟಮೊದಲ ಗಿರಾಕಿ. ಇವತ್ತಿಗೂ ಅವರನ್ನು ನೆನೆಯದೆ ನಾನು ಗ್ರೈಂಡರ್ ಹಾಕುವುದಿಲ್ಲ. ಕೂರಿಸಿ ಚಹಾ ಕೊಟ್ಟು ಹೇಳಿದರು: “ಬೇಟಾ, ಹಿಟ್ಟು ನಿನ್ನದೇ. ವೋಟು ಮಾತ್ರ ಆ ಹುಡುಗನಿಗೆ.”

“ಯಾಕೆ ಮಾಜೀ? ಅವನು ಏನು ಮಾಡಿದ್ದಾನೆ?”

“ಏನೂ ಮಾಡಿಲ್ಲ, ಅದಕ್ಕೇ! ನೀನು ಸೋತರೆ ಮರುದಿನ ಹಿಟ್ಟು ರುಬ್ಬುತ್ತೀಯ. ಅವನು ಸೋತರೆ ಏನು ಮಾಡಬೇಕು, ಹೇಳು?”

ಇನ್ನೊಂದು ಲೋಟ ಚಹಾ ಕುಡಿದೆ. ಎದ್ದು ಬರುವಾಗ ನನ್ನ ವೋಟೂ ಅವನಿಗೇ ಹೋಗುವ ಹಾಗಿತ್ತು.

೩. ಎಣಿಕೆ

ಬ್ಲಾಕಿಗೆ ಅದೇ ಮೊದಲ ಮತದಾನ. ಬಿಸ್ಕತ್ತಿನ ಡಬ್ಬಿಯೇ ಮತಪೆಟ್ಟಿಗೆ. ಹುಡುಗನ ಅಜ್ಜನೇ ಮೂರು ಸಲ ಎಣಿಸಿದರು; ಮೂರು ಸಲವೂ ನಾನು ಒಂದೇ ಮತದಿಂದ ಗೆದ್ದೆ. ಕೋಣೆಯ ಬೀಗದ ಕೈ ನನ್ನ ಕೈಗೆ ಬಂತು. ಮರುದಿನ ಮನೆಮನೆಗೂ ಹೋಗಿ, ಯಾರು ಹಾಕಿದರೋ ಯಾರು ಬಿಟ್ಟರೋ, ಎಲ್ಲರಿಗೂ ಕೈಮುಗಿದೆ. ಸೋತ ಹುಡುಗ ಮೆಟ್ಟಿಲಲ್ಲಿ ಸಿಕ್ಕಿ, ಬಗ್ಗಿ ನನ್ನ ಕಾಲು ಮುಟ್ಟಿದ.

“ಆಂಟೀ, ದಾದಾಜಿಗೆ ಹೇಳಬೇಡಿ. ನನ್ನ ವೋಟು ನಿಮಗೇ.”

ನನಗೆ ಕಣ್ಣು ತುಂಬಿತು. “ಯಾಕೋ ಮಗಾ?”

“ದಾದಾಜಿ ನನ್ನ ಹೆಸರು ಕೊಟ್ಟರು. ಪಾಪಾ ಪೋಸ್ಟರ್ ಹಚ್ಚಿಸಿದರು. ಮಮ್ಮಿ ಕುರ್ತಾ ಹೊಲಿಸಿದರು. ಯಾರು ಅಧ್ಯಕ್ಷರಾಗಬೇಕು ಅಂತ ನನ್ನನ್ನು ಕೇಳಿದ್ದು ಆ ವೋಟಿನ ಚೀಟಿ ಒಂದೇ, ಆಂಟೀ!”