ತೊಟ್ಟಿಲಿಗೆ ಮರಳಿದ ಮುದಿ ಜೇನುನೊಣಗಳ ಮೇಲೊಂದು ದೂರು

ಪಾರಿಶ್ವಾಡದ ನಮ್ಮ ತವರಿನ ಹೊಲದಲ್ಲಿ, ಹುಣಸೆ ಮರದ ಕೆಳಗಿನ ಪೆಟ್ಟಿಗೆಯಲ್ಲಿ ವಾಸವಾಗಿರುವ ಸಮಸ್ತ ಮುದಿ ಜೇನುನೊಣಗಳ ಸನ್ನಿಧಿಗೆ, ಬೆಳಗಾವಿಯ ಹಿಂದವಾಡಿಯಿಂದ ಚಂದ್ರವ್ವ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ತಮ್ಮ ರೆಕ್ಕೆಗಳು ಕ್ಷೇಮವೆಂದೂ, ಹೊಲದ ಬದುವಿನಲ್ಲಿ ಹೂವಿಗೆ ಕೊರತೆಯಿಲ್ಲವೆಂದೂ ನಂಬಿದ್ದೇನೆ. ತಮ್ಮ ಆಯುಷ್ಯವೇ ಕೆಲವು ವಾರಗಳದ್ದಾದ್ದರಿಂದ, ಈ ಪತ್ರ ತಲುಪುವಷ್ಟರಲ್ಲಿ ತಾವು ಇರುತ್ತೀರೋ ಇಲ್ಲವೋ ಎಂಬ ಅಳುಕೂ ಇದೆ. ಇರದಿದ್ದರೆ ತಮ್ಮ ತಂಗಿಯರಾದರೂ ಈ ದೂರನ್ನು ದಯಮಾಡಿ ಸ್ವೀಕರಿಸಬೇಕು, ಏಕೆಂದರೆ ತಾವು ತೋರಿದ ಘನವಾದ ಮೇಲ್ಪಂಕ್ತಿಯಿಂದ ನನ್ನ ನಿವೃತ್ತ ಜೀವನಕ್ಕೆ ಸಾಕಷ್ಟು ಹಾನಿಯಾಗಿದೆ.

ನಾನು ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಸರಕಾರಿ ನರ್ಸಾಗಿ ದುಡಿದು ತಲೆ ಬೆಳ್ಳಗೆ ಮಾಡಿಕೊಂಡವಳು. ಕೆಸರುದಾರಿಯಲ್ಲಿ ನಡೆದು, ಲಾಟೀನಿನ ಬೆಳಕಿನಲ್ಲಿ ಹೆರಿಗೆ ಮಾಡಿಸಿ, ಎಷ್ಟು ಕೂಸುಗಳ ಮೊದಲ ಅಳು ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ನಿವೃತ್ತಿಯಾದ ಮೇಲೆ ಇನ್ನು ಯಾರ ಕೂಸನ್ನೂ ಎತ್ತುವುದಿಲ್ಲ, ಈ ಕೈ ಇನ್ನು ಹಿಡಿಯುವುದು ಬಸ್ಸಿನ ಕಂಬಿಯನ್ನು ಮಾತ್ರ ಎಂದು ಪಕ್ಕದ ಮನೆಯ ಗೆಳತಿ ಕೃಷ್ಣಾಬಾಯಿಗೆ ಹೇಳಿದೆ. ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೇಟಿನ ಚಿಂತೆಯಿಲ್ಲದ ಕಾಲವಿದು. ಇಬ್ಬರೂ ಬಾದಾಮಿ ನೋಡಿದೆವು, ಬನವಾಸಿ ನೋಡಿದೆವು, ದಾರಿಯಲ್ಲಿ ಸಿಕ್ಕ ಊರುಗಳಲ್ಲಿ ಸುಮ್ಮನೆ ಇಳಿದು ಮಿರ್ಚಿ ಭಜಿ ತಿಂದು ಮುಂದಿನ ಬಸ್ಸು ಹತ್ತಿದೆವು. ಮನೆಯಲ್ಲಿ ದಾದಿಯ ಕೆಲಸ ಮುಗಿಸಿ, ವಯಸ್ಸಾದ ಮೇಲೆ ಹೂವಿಂದ ಹೂವಿಗೆ ಹಾರಾಡುವ ತಾವು ನನ್ನ ಸುಖವನ್ನು ಬಲ್ಲಿರಿ. ಮುಂದಿನ ಪಯಣ ಬೀದರಕ್ಕೆ ಎಂದು ನಿಶ್ಚಯವಾಗಿತ್ತು.

ಅಷ್ಟರಲ್ಲಿ ನನ್ನ ತಮ್ಮನ ಮಗಳು ಸಮೃದ್ಧಿ ತಮ್ಮ ಜೇನುಪೆಟ್ಟಿಗೆಗೆ ಕೈ ಹಾಕಿದಳು. ಅಲ್ಪಾಯುಷಿ ಜೀವಿಗಳು ಹೇಗೆ ಮುದಿಯಾಗುತ್ತವೆ ಎಂಬುದು ಅವಳ ಸಂಶೋಧನೆಯ ವಿಷಯ. ಮನುಷ್ಯನ ಮುಪ್ಪನ್ನು ನೋಡುತ್ತ ಕುಳಿತರೆ ನೋಡುವವರೇ ಮುದುಕರಾಗುತ್ತಾರೆ, ತಮ್ಮದಾದರೆ ಒಂದು ಹಂಗಾಮಿನಲ್ಲಿ ಮುಗಿಯುತ್ತದೆ ಎಂಬುದು ಅವಳ ಅನುಕೂಲ. ಮುಖಕ್ಕೆ ಬಲೆ ಕಟ್ಟಿಕೊಂಡು ನಾನೂ ಪಕ್ಕದಲ್ಲಿ ನಿಂತಿದ್ದೆ. ಮರಿಗಳಿಗೆ ಉಣಿಸುವ ಎಳೆಯ ದಾದಿ ನೊಣಗಳನ್ನೆಲ್ಲ ಅವಳು ಬೇರೆ ಪೆಟ್ಟಿಗೆಗೆ ಸಾಗಿಸಿದಳು. ಸಂಜೆ ತಾವು ಮೇವಿನಿಂದ ಮರಳಿದಾಗ ಮನೆಯಲ್ಲಿದ್ದದ್ದು ರಾಣಿ ಮತ್ತು ಹಸಿದ ಮರಿಗಳು ಮಾತ್ರ.

ಆಗ ತಾವು ಏನು ಮಾಡಬೇಕಿತ್ತು? ನಮ್ಮ ಪಾಳಿ ಮುಗಿದಿದೆ ಎಂದು ಹೊಸ್ತಿಲಲ್ಲಿ ಧರಣಿ ಕೂರಬಹುದಿತ್ತು. ಕೆಲವರು ಎಂದಿನಂತೆ ಮೇವಿಗೆ ಹೋದಿರಿ, ಅವರಿಗೆ ನನ್ನ ನಮಸ್ಕಾರ. ಮಿಕ್ಕವರು ಮಾತ್ರ ಒಂದು ಮಾತಿಲ್ಲದೆ ಮರಿಗಳ ಬಾಯಿಗೆ ತುತ್ತಿಡಲು ನಿಂತಿರಿ. ಅಷ್ಟಕ್ಕೇ ಬಿಟ್ಟಿದ್ದರೂ ಚಿಂತೆಯಿರಲಿಲ್ಲ. ತಮ್ಮ ಮಿದುಳಿನ ವಂಶವಾಹಿಗಳ ಮೇಲೆ ವಯಸ್ಸಿನೊಂದಿಗೆ ಬಿದ್ದಿದ್ದ ಗುರುತುಗಳಲ್ಲಿ ಎಷ್ಟೋ ಹಿಂದಕ್ಕೆ ತಿರುಗಿ ಮತ್ತೆ ದಾದಿಯರ ಗುರುತುಗಳಂತಾದವಂತೆ. ಹೊರದೇಶದವರು ಇದನ್ನು ಮೊದಲೇ ಕಂಡಿದ್ದಾರಂತೆ, ಅಂಥ ನೊಣಗಳಲ್ಲಿ ಕೆಲವಕ್ಕೆ ಮಂಕಾಗಿದ್ದ ಕಲಿಯುವ ಶಕ್ತಿಯೂ ಮರಳಿತಂತೆ. ವಂಶವಾಹಿಯೇ ಬದಲಾಯಿತೇ ಎಂದು ಕೇಳಿದ್ದಕ್ಕೆ ಸಮೃದ್ಧಿ ನನ್ನ ಅಡುಗೆಮನೆಯಲ್ಲಿ ಡಬ್ಬಿ ಸಾಲಿಟ್ಟ ಮಾಡವನ್ನು ತೋರಿಸಿದಳು.

“ಡಬ್ಬಿ ಅವ ಅದಾವ ಅತ್ತಿ. ಯಾವುದರ ಮುಚ್ಚಳ ತಗದೈತಿ, ಯಾವುದು ಬಿಗಿ ಆಗೇತಿ, ಅದಷ್ಟ ಬದಲಾಗ್ತದ. ವಯಸ್ಸು ಅನ್ನೋದು ಭಾಳಷ್ಟು ಈ ಮುಚ್ಚಳದ ಆಟನ.”

ನಾನು ತಲೆದೂಗಿದೆ. ನೊಣದ ಮಾತಲ್ಲವೇ, ನನಗೇನು ಎಂದುಕೊಂಡೆ.

ಅದಾಗಿ ಕೆಲವೇ ದಿನಗಳಲ್ಲಿ, ಎಂಟನೆಯ ತಿಂಗಳಲ್ಲಿದ್ದ ನನ್ನ ಸೊಸೆ ಸಾಕ್ಷಿಗೆ ರಕ್ತದ ಒತ್ತಡ ಏರಿತು. ಆಸ್ಪತ್ರೆಗೆ ಒಯ್ದವರೇ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣುಕೂಸು, ಅಂಗೈ ಮೀರಿದರೂ ಮೊಳಕೈ ಮುಟ್ಟದಷ್ಟು. ಸಾಕ್ಷಿ ತೀವ್ರ ನಿಗಾ ಘಟಕದಲ್ಲಿ ಕಣ್ಣು ತೆರೆಯದೆ ಮಲಗಿದಳು. ಅವಳ ತಾಯಿ ತೀರಿಕೊಂಡು ವರ್ಷಗಳಾಗಿವೆ. ಕೂಸು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಿಂದ ಹೊರಬಂದ ಮೇಲೆ ಡಾಕ್ಟರು, ಇದಕ್ಕೆ ಈಗ ಔಷಧಕ್ಕಿಂತ ಮನುಷ್ಯರ ಎದೆಯ ಬಿಸಿ ಬೇಕು, ಯಾರಾದರೂ ಬರಿ ಎದೆಗೆ ಆನಿಸಿಕೊಂಡು ಕುಳಿತುಕೊಳ್ಳಿ ಎಂದರು. ಎಲ್ಲರೂ ನನ್ನತ್ತ ನೋಡಿದರು. ನಾನು ಕಿಟಕಿಯತ್ತ ನೋಡಿದೆ. ಆಗ ಸಮೃದ್ಧಿ ಮೆಲ್ಲಗೆ ತಮ್ಮ ಹೆಸರೆತ್ತಿದಳು.

ಮಾನ್ಯರೇ, ಆ ಕ್ಷಣದಲ್ಲಿ ತಮ್ಮ ಮೇಲೆ ನನಗೆ ಬಂದ ಸಿಟ್ಟಿಗೆ ತಾವು ಹೊಲದಲ್ಲಿದ್ದದ್ದು ಒಳ್ಳೆಯದೇ ಆಯಿತು. ಬರಿಯ ಸಿಟ್ಟಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ, ನನಗೆ ಹೆದರಿಕೆಯಾಗಿತ್ತು. ಪರರ ಕೂಸುಗಳನ್ನು ಎತ್ತುವಾಗ ಒಮ್ಮೆಯೂ ಅನುಮಾನಿಸದ ನಾನು, ನನ್ನದೇ ಮನೆಯ ಈ ಒಂದು ಹಿಡಿ ಜೀವವನ್ನು ಎತ್ತುವ ಮೊದಲು ಕೈ ತೊಳೆಯುವ ನೆಪದಲ್ಲಿ ಮೂರು ಸಲ ನಲ್ಲಿಗೆ ಹೋಗಿ ಬಂದೆ. ಆದರೂ ಸೆರಗು ಸರಿಸಿ ಎದೆಗೆ ಆನಿಸಿಕೊಂಡೆ. ಎರಡನೆಯ ದಿನ ಅದು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿತು. ತುಟಿ ನೀಲಿಯಾಯಿತು. ನಾನು ಯೋಚಿಸುವ ಮೊದಲೇ ನನ್ನ ಬೆರಳು ಅದರ ಅಂಗಾಲನ್ನು ತಟ್ಟಿತ್ತು, ಬೆನ್ನನ್ನು ಉಜ್ಜಿತ್ತು. ಪಾಳಿಯ ನರ್ಸು ಓಡಿಬಂದಾಗ ಕೂಸು ಮುಖ ಕಿವುಚಿ ಅಳುತ್ತಿತ್ತು. ಬಿಗಿದು ಹೋಗಿತ್ತು ಎಂದುಕೊಂಡಿದ್ದ ಯಾವುದೋ ಡಬ್ಬಿಯ ಮುಚ್ಚಳ ನನ್ನೊಳಗೆ ತೆರೆದುಕೊಂಡಿತ್ತು, ಅದನ್ನು ಒಪ್ಪಿಕೊಳ್ಳಲು ಈಗಲೂ ನನಗೆ ಮನಸ್ಸಿಲ್ಲ.

ಇದನ್ನೆಲ್ಲ ನೋಡುತ್ತ ಮೂಲೆಯಲ್ಲಿ ನಿಂತಿದ್ದವನು ನನ್ನ ಮಗ ವಿನಯ. ಉದ್ಯಮಬಾಗದ ಕಾರಖಾನೆಯಲ್ಲಿ ಲೇಥ್ ನಡೆಸುವವನು. ಹೆಂಡತಿಯ ಕೋಣೆಗೂ ಕೂಸಿನ ಕೋಣೆಗೂ ನಡುವೆ ಓಡಾಡುವುದು, ಎಳನೀರು ತರುವುದು, ಯಾರೂ ಕೇಳದ ಚಹಾ ತರುವುದು, ಇಷ್ಟೇ ಅವನ ಪಾಲಿನ ಕೆಲಸವಾಗಿತ್ತು. ನನ್ನ ಸೊಂಟ ಹಿಡಿದು ಕುಳಿತುಕೊಳ್ಳಲಾಗದ ಮಧ್ಯಾಹ್ನ, ಅಂಗಿ ಬಿಚ್ಚು ಎಂದೆ. ಅವನು ಹಿಂದೆ ಸರಿದ.

“ಅವ್ವಾ, ನನ್ನ ಕೈ ಗಡಸು ಅದಾವು. ಬ್ಯಾಡ.”

“ಕೈ ಯಾರು ಕೇಳ್ಯಾರಪಾ. ಎದಿ ಕೊಡು.”

ಕುಳಿತ. ಕೂಸನ್ನು ಇಟ್ಟೆ. ಮೊದಲು ಅವನು ಉಸಿರಾಡಲೂ ಹೆದರಿದ್ದರಿಂದ, ಇಬ್ಬರಲ್ಲಿ ಯಾರ ಮೇಲೆ ನಿಗಾ ಇಡಬೇಕೋ ನನಗೆ ತಿಳಿಯಲಿಲ್ಲ. ಆಮೇಲೆ ಅವನ ಎದೆ ನಿಧಾನವಾಗಿ ಏರಿಳಿಯತೊಡಗಿತು, ಅದರೊಂದಿಗೆ ಕೂಸೂ. ನಾನು ಸೊಂಟ ಸರಿಮಾಡಿಕೊಂಡು ಬಂದು ಕೇಳಿದರೆ ತಿರುಗಿ ಕೊಡಲಿಲ್ಲ, ಇನ್ನಷ್ಟು ಹೊತ್ತು ಇರಲಿ ಎಂದ. ಹಾಗೆ ದಿನಗಳು ಕಳೆದವು. ಸಾಕ್ಷಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಾಗ ಅವಳು ಮೊದಲ ಸಲ ಕಂಡದ್ದು ಗಂಡನ ಎದೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ ಮಗಳನ್ನು. ಅವಳು ಅಳಲಿಲ್ಲ. “ಇನ್ನ ನನಗ ಕೊಡ್ರಿ” ಎಂದು ಎರಡೂ ಕೈ ಚಾಚಿದಳು.

ಈಗ ಕೂಸು ಮೈ ತುಂಬಿಕೊಂಡಿದೆ, ಕಂಚಿನ ಕಂಠದಲ್ಲಿ ಅಳುತ್ತದೆ. ಮೊನ್ನೆ ನಾನು ಬೀದರದ ಮಾತೆತ್ತಿದಾಗ ಸಾಕ್ಷಿ ಹೋಗಿ ಬನ್ನಿ ಎಂದು ಕೂಡಲೇ ಹೇಳಿ ರೊಟ್ಟಿ ಕಟ್ಟಲು ಎದ್ದಳು. ವಿನಯನೂ ತಡೆಯಲಿಲ್ಲ. ಯಾರಾದರೂ ಒಮ್ಮೆ ತಡೆದಿದ್ದರೆ ನಾನು ಇನ್ನೂ ಸಂತೋಷದಿಂದ ಹೊರಡುತ್ತಿದ್ದೆ. ಇದಕ್ಕೂ ತಾವೇ ಹೊಣೆ.

ಆದಕಾರಣ ವಿನಂತಿಗಳು: ಮುಂದೆ ಯಾರಾದರೂ ತಮ್ಮ ದಾದಿಯರನ್ನು ಕದ್ದರೆ ತಾವೆಲ್ಲರೂ ಒಗ್ಗಟ್ಟಿನಿಂದ ಮುಷ್ಕರ ಹೂಡಬೇಕು, ಅದಾಗದಿದ್ದರೆ, ಮಿದುಳಿನ ಗುರುತುಗಳನ್ನು ಹಿಂದಿರುಗಿಸುವ ತಮ್ಮ ವಿದ್ಯೆಯನ್ನು ನನ್ನ ಸೊಂಟಕ್ಕೂ ಮೊಣಕಾಲಿಗೂ ವಿಸ್ತರಿಸಿ, ಬೀದರ ಕೋಟೆಯ ಮೆಟ್ಟಿಲು ಹತ್ತುವಷ್ಟರ ಮಟ್ಟಿಗಾದರೂ ಕೃಪೆ ಮಾಡಬೇಕು.

ತಮ್ಮ ಜೇನನ್ನು ಸವಿದೂ ತಮ್ಮ ಮೇಲೆ ಮುನಿಸಿಟ್ಟುಕೊಂಡಿರುವ ವಿಶ್ವಾಸಿ,
ಚಂದ್ರವ್ವ,
ನಿವೃತ್ತ ನರ್ಸು, ಮತ್ತೆ ಹಾಲಿ ದಾದಿ, ಸದ್ಯ ರಜೆಯ ಮೇಲೆ

ಮರೆತಿದ್ದ ಮಾತು: ಸಮೃದ್ಧಿಯ ಇಡೀ ಪ್ರಬಂಧದಲ್ಲಿ ತಮ್ಮ ಮನೆಯ ಗಂಡು ನೊಣಗಳ ಬಗ್ಗೆ ಒಂದು ಸಾಲೂ ಇಲ್ಲ. ಮೇವು ಕಡಿಮೆಯಾದ ಕಾಲದಲ್ಲಿ ತಾವು ಅವರನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತೀರೆಂದು ಮಾತ್ರ ಬಾಯಿಮಾತಿನಲ್ಲಿ ಹೇಳಿದಳು. ತಮ್ಮ ಮನೆತನದ ಪದ್ಧತಿಯಲ್ಲಿ ತಲೆಹಾಕುವವಳು ನಾನಲ್ಲ. ಆದರೆ ದಬ್ಬುವ ಮುಂಚೆ ಒಂದು ಸಲ, ಒಂದು ಮರಿಯನ್ನು ಅವರ ಎದೆಯ ಮೇಲೆ ಇಟ್ಟು ನೋಡಿ.